ಆ ಪಾರಿವಾಳ ಯಾರ ಕೈಲಿದೆ ನೋಡಿ

ಹೋದ ಸಂಚಿಕೇಲಿ ಕಮ್ಯುನಿಸ್ಟ್ ದೇಶಗಳ ಶಾಂತಿ ಪೋಸ್ಟರ್‌ಗಳು ಅಂತ ಎರಡು ಪುಟ ಚಿತ್ರ ಹಾಕಿದ್ವಿ, ಸೋವಿಯತ್ ಒಕ್ಕೂಟ, ಪೋಲೆಂಡ್, ಪೂರ್ವ ಜರ್ಮನಿ, ಚೀನಾ, ಕ್ಯೂಬಾ ಎಲ್ಲ ಸೇರಿಸಿ. ಚಿತ್ರದ ಕೆಳಗೆ ಒಂದೊಂದು ಸಾಲು ಬಿಟ್ರೆ ವಿವರಣೆ ಇರ್ಲಿಲ್ಲ. ಅದಕ್ಕೇ ಇರ್ಬೇಕು, ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಅದರ ಬಗ್ಗೆನೇ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಬರೀತಿದೀನಿ. ಈ ಪೋಸ್ಟರ್‌ಗಳನ್ನ ನಾನು ತುಂಬಾ ವರ್ಷದಿಂದ ನೋಡ್ತಾ ಬಂದಿದೀನಿ, ಇಷ್ಟಪಟ್ಟೂ ನೋಡಿದೀನಿ, ಸಿಟ್ಟಿನಿಂದಲೂ ನೋಡಿದೀನಿ, ಹಾಗಾಗಿ ಕೆಲವು ಉತ್ತರ ಉದ್ದ ಆಗಿದೆ.

ಪ್ರಶ್ನೆ: ಕಮ್ಯುನಿಸ್ಟರು ದೇವರು ದಿಂಡರು ನಂಬಲ್ಲ ಅಂತಾರೆ. ಪಾರಿವಾಳ, ಆಲಿವ್ ಕೊಂಬೆ ಎಲ್ಲ ಬೈಬಲ್‌ನ ನೋಹನ ಕಥೆಯಿಂದ (ಪ್ರಳಯ ಇಳಿದಾಗ ಪಾರಿವಾಳ ಆಲಿವ್ ಎಲೆ ತಂದ ಕಥೆ) ಬಂದಿದ್ದು. ಮತ್ತೆ ಅವರ ಪೋಸ್ಟರ್‌ನಲ್ಲೆಲ್ಲ ಅದೇ ಹಕ್ಕಿ ಯಾಕೆ? (ಪದವಿ ವಿದ್ಯಾರ್ಥಿನಿ)

ಪಾರಿವಾಳ ಮೊದಲಿಂದ ಅವರ ಹಕ್ಕಿ ಆಗಿರ್ಲಿಲ್ಲ. 1917ರಲ್ಲಿ ಅಧಿಕಾರ ಹಿಡಿದ ತಕ್ಷಣ ಲೆನಿನ್ ಸರ್ಕಾರ ಹೊರಡಿಸಿದ ಮೊದಲ ಆದೇಶವೇ ಶಾಂತಿ ಬಗ್ಗೆ, 'ಶಾಂತಿ, ಭೂಮಿ, ರೊಟ್ಟಿ' ಅನ್ನೋದು ಆಗಿನ ಘೋಷಣೆ. ಆದ್ರೂ ಆ ಕಾಲದ ಹೆಸರಾದ ಪೋಸ್ಟರ್‌ಗಳಲ್ಲಿ ಕಣ್ಣಿಗೆ ಬೀಳೋದು ಹಕ್ಕಿ ಅಲ್ಲ, ಬಂದೂಕು ಹಿಡಿದ ಕೆಂಪು ಸೈನಿಕ, ಸುತ್ತಿಗೆ ಎತ್ತಿದ ಕಾರ್ಮಿಕ, ಪೊರಕೆ ಹಿಡ್ಕೊಂಡು ಭೂಗೋಳದ ಮೇಲಿಂದ ರಾಜರು ಪಾದ್ರಿಗಳು ಸಾಹುಕಾರರನ್ನ ಗುಡಿಸಿ ಹಾಕ್ತಿರೋ ಲೆನಿನ್ (ಇದು 1920ರಲ್ಲಿ ವಿಕ್ಟರ್ ಡೆನಿ ಮಾಡಿದ್ದು), ಇಂಥವೇ.

ಅಲ್ಲಿಂದ ಮುಂದೆ ಹಕ್ಕಿ ಬಂದಾಗಲೂ ಸತ್ತ ಹಕ್ಕಿಯಾಗಿ ಬಂತು. 1932ರ ನವೆಂಬರ್‌ನಲ್ಲಿ ಸ್ವಿಟ್ಜರ್ಲೆಂಡಿನ ಜಿನೀವಾದಲ್ಲಿ ಫ್ಯಾಸಿಸ್ಟ್ ವಿರೋಧಿ ಮೆರವಣಿಗೆ ಮೇಲೆ ಸೈನಿಕರು ಗುಂಡು ಹಾರಿಸಿ 13 ಜನ ಸತ್ತರು. ಅದೇ ಊರಲ್ಲಿ ಲೀಗ್ ಆಫ್ ನೇಷನ್ಸ್, ಅಂದ್ರೆ ವಿಶ್ವಸಂಸ್ಥೆಗೂ ಮುಂಚೆ ಇದ್ದ ದೇಶಗಳ ಒಕ್ಕೂಟ, ಕೂತು ಶಾಂತಿ ಬಗ್ಗೆ ಮಾತಾಡ್ತಿತ್ತು. ಜರ್ಮನಿಯ ಕಮ್ಯುನಿಸ್ಟ್ ಕಲಾವಿದ ಜಾನ್ ಹಾರ್ಟ್‌ಫೀಲ್ಡ್ ಆಗ ಒಂದು ಫೋಟೋಮಾಂಟಾಜ್ ಮಾಡಿದ, ಅಂದ್ರೆ ಬೇರೆ ಬೇರೆ ಫೋಟೋಗಳನ್ನ ಕತ್ತರಿಸಿ ಜೋಡಿಸಿ ಒಂದು ಚಿತ್ರ ಮಾಡೋದು. ಹಿಂದೆ ಲೀಗ್ ಕಟ್ಟಡ, ಮುಂದೆ ಬಂದೂಕಿನ ತುದಿಯ ಬಯೋನೆಟ್, ಅದಕ್ಕೆ ಚುಚ್ಚಿರೋ ಬಿಳಿ ಪಾರಿವಾಳ. ಬಂಡವಾಳ ಬದುಕಿರೋ ಕಡೆ ಶಾಂತಿ ಬದುಕಲ್ಲ ಅನ್ನೋ ಅರ್ಥದ ಸಾಲು ಅದರ ಜೊತೆಗೆ.

ಜೀವ ಇರೋ ಪಾರಿವಾಳ ಬಂದಿದ್ದು 1949ರಲ್ಲಿ, ಅದೂ ಒಂಥರಾ ಆಕಸ್ಮಿಕವಾಗಿ. ಚಿತ್ರಕಾರ ಪಿಕಾಸೊ 1944ರಲ್ಲೇ ಫ್ರೆಂಚ್ ಕಮ್ಯುನಿಸ್ಟ್ ಪಕ್ಷ ಸೇರಿದ್ದ. 1949ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ಶಾಂತಿ ಕಾಂಗ್ರೆಸ್ ಅಂತ ಸಮ್ಮೇಳನ ಇತ್ತು, ಅದಕ್ಕೊಂದು ಪೋಸ್ಟರ್ ಬೇಕಿತ್ತು. ಕವಿ ಲೂಯಿ ಅರಗಾನ್, ಅವನೂ ಪಕ್ಷದವನೇ, ಪಿಕಾಸೊ ಮಾಡಿಟ್ಟಿದ್ದ ಲಿಥೋಗ್ರಾಫ್‌ಗಳನ್ನ (ಕಲ್ಲು ಅಥವಾ ತಗಡಿನ ಮೇಲೆ ಬರೆದು ಕಾಗದಕ್ಕೆ ಅಚ್ಚು ತೆಗೆಯೋ ಚಿತ್ರ) ನೋಡ್ತಾ ಹೋಗಿ ಒಂದನ್ನ ಆರಿಸಿದ. ಆ ವರ್ಷ ಜನವರೀಲಿ ಪಿಕಾಸೊ ಒಂದು ಪಾರಿವಾಳ ಬರೆದಿದ್ದ, ಸಮ್ಮೇಳನಕ್ಕೆ ಅಂತ ಅಲ್ಲ, ಸುಮ್ಮನೆ. ಇನ್ನೊಬ್ಬ ಚಿತ್ರಕಾರ ಮಾಟಿಸ್ ಅವನಿಗೆ ಪಾರಿವಾಳ ಕೊಟ್ಟಿದ್ದ, ಅದನ್ನ ನೋಡಿ ಬರೆದಿದ್ದು. ಪಿಕಾಸೊನ ಅಪ್ಪನೂ ಪಾರಿವಾಳದ ಚಿತ್ರ ಬರೀತಿದ್ದ ಚಿತ್ರಕಾರನೇ, ಅಂದ್ರೆ ಹುಟ್ಟಿದಾಗಿಂದ ನೋಡಿದ ಹಕ್ಕಿ.

ಆ ಮೂಲ ಚಿತ್ರಾನ ಒಂದ್ಸಲ ನಿಧಾನಕ್ಕೆ ನೋಡಿ. ನಾವು ಅಂದ್ಕೊಂಡಿರೋ ಹಾಗೆ ಹಾರ್ತಿಲ್ಲ, ಬಾಯಲ್ಲಿ ಕೊಂಬೆ ಇಲ್ಲ, ನೀಲಿ ಆಕಾಶನೂ ಇಲ್ಲ. ಕಪ್ಪು ಹಿನ್ನೆಲೆ ಮುಂದೆ ಒಂದು ಬಿಳಿ ಹಕ್ಕಿ ಸುಮ್ನೆ ನೆಲದ ಮೇಲೆ ನಿಂತಿದೆ ಅಷ್ಟೇ. ಕಾಲಿನ ಬೆರಳು ಮುಚ್ಚೋ ಹಾಗೆ ಗರಿ ಇದೆ, ಸಾಕಿದ ಜಾತಿ ಪಾರಿವಾಳಕ್ಕೆ ಇರುತ್ತಲ್ಲ ಹಾಗೆ. ತೆಳು ಮಾಡಿದ ಶಾಯಿಯನ್ನ ಸತುವಿನ ತಗಡಿನ ಮೇಲೆ ಹರಿಸಿ ಮಾಡಿದ್ದು, ಅದಕ್ಕೇ ಗರಿಗಳು ಮುಟ್ಟಿದ್ರೆ ಕೈಗೆ ಮೆತ್ತಗೆ ಸಿಗುತ್ತೇನೋ ಅನ್ಸುತ್ತೆ. ಇದು ಯಾರಿಗೂ ಸೇರದ ಹಕ್ಕಿ, ಯಾರ ಕೈಲೂ ಇಲ್ಲ. ಸಮ್ಮೇಳನದ ಹಿಂದಿನ ದಿನ, ಏಪ್ರಿಲ್ 19ಕ್ಕೆ ಪಿಕಾಸೊಗೆ ಮಗಳು ಹುಟ್ಟಿದಳು, ಪಲೋಮಾ ಅಂತ ಹೆಸರಿಟ್ಟ, ಸ್ಪ್ಯಾನಿಷ್‌ನಲ್ಲಿ ಪಾರಿವಾಳ ಅಂತಲೇ ಅರ್ಥ.

ಆಮೇಲೆ ನಡೆದಿದ್ದೇ ನಿಮ್ಮ ಪ್ರಶ್ನೆಗೆ ಸರಿಯಾದ ಉತ್ತರ. 1950ರ ಎರಡನೇ ಸಮ್ಮೇಳನಕ್ಕೆ ಪಿಕಾಸೊ ಹಾರೋ ಪಾರಿವಾಳ ಬರೆದ, 1952ರಲ್ಲಿ ವಿಯೆನ್ನಾ ಸಮ್ಮೇಳನದ ಹೊತ್ತಿಗೆ ಕಾಮನಬಿಲ್ಲನ್ನೂ ಸೇರಿಸಿದ (ಕಾಮನಬಿಲ್ಲೂ ನೋಹನ ಕಥೇದೇ ನೋಡಿ). ಬರ್ತಾ ಬರ್ತಾ ಗರಿ ನೆರಳು ಎಲ್ಲ ಬಿಟ್ಟು ಬರೀ ಗೆರೆ ಆಯ್ತು. ಗೆರೆ ಆದ್ಮೇಲೆ ಯಾರು ಬೇಕಾದ್ರೂ ಬರೀಬಹುದು, ಗೋಡೆ ಮೇಲೆ, ಬ್ಯಾಡ್ಜ್ ಮೇಲೆ, ಬಟ್ಟೆ ಬ್ಯಾನರ್ ಮೇಲೆ. ನೋಹ ಗೊತ್ತಿಲ್ಲದವರಿಗೂ ಬಿಳಿ ಹಕ್ಕಿ ಅರ್ಥ ಆಗುತ್ತೆ, ಗೊತ್ತಿರೋ ಕ್ರೈಸ್ತರಿಗೆ ಇನ್ನೂ ಆಳಕ್ಕೆ ಮುಟ್ಟುತ್ತೆ, ಪಕ್ಷದವರಲ್ಲದ ಜನರನ್ನೂ ಸೇರಿಸ್ಕೊಬೇಕು ಅಂತಿದ್ದ ಚಳವಳಿಗೆ ಇದಕ್ಕಿಂತ ಒಳ್ಳೆ ಗುರುತು ಎಲ್ಲಿ ಸಿಗುತ್ತೆ. ನನಗೆ ಯಾವಾಗ್ಲೂ ಕಾಡೋ ಒಂದು ವಿಷಯ ಏನಂದ್ರೆ, ಈ ಹಕ್ಕಿ ಮಾಸ್ಕೋ ಬೀದಿಗಳಿಗೆ ಹೋಯ್ತು, ಆದ್ರೆ ಪಿಕಾಸೊನ ಉಳಿದ ಚಿತ್ರಗಳಿದ್ದ ಮ್ಯೂಸಿಯಮ್ಮನ್ನ 1948ರಲ್ಲೇ ಸ್ಟಾಲಿನ್ ಸರ್ಕಾರ ಮುಚ್ಚಿಸಿತ್ತು, ಅಂಥ ಕಲೆ ಜನಕ್ಕೆ ಬೇಡ ಅಂತ. ಮಾಸ್ಕೋದಲ್ಲಿ ಪಿಕಾಸೊ ಪ್ರದರ್ಶನ ಆಗಿದ್ದು 1956ರಲ್ಲಿ, ಸ್ಟಾಲಿನ್ ಸತ್ತು ಮೂರು ವರ್ಷಕ್ಕೆ.

ಇನ್ನೊಂದು ಗಮನಿಸಿ. ಪಿಕಾಸೊನ ಹಕ್ಕಿ ಒಂಟಿ. ಸೋವಿಯತ್ ಪೋಸ್ಟರ್‌ಗೆ ಬಂದಾಗ ಅದು ಸಾಮಾನ್ಯವಾಗಿ ಯಾರದೋ ಕೈ ಮೇಲೆ ಕೂತಿರುತ್ತೆ, ಮಗುವಿನ ಕೈ, ತಾಯಿ ಕೈ, ಕಾರ್ಮಿಕನ ಕೈ, ಇಲ್ಲಾಂದ್ರೆ ಅವರ ಕೈಯಿಂದ ಈಗಷ್ಟೇ ಹಾರಿರುತ್ತೆ. ಶಾಂತಿ ತಾನಾಗೇ ಬರಲ್ಲ, ಅದನ್ನ ಹಿಡ್ಕೊಂಡಿರೋರು ನಾವು ಅಂತ ಆ ಕೈ ಹೇಳುತ್ತೆ. ಈ ಥರದ ಪೋಸ್ಟರ್ ನೋಡುವಾಗ ನಾನು ಮೊದಲು ಹಕ್ಕಿ ನೋಡಲ್ಲ, ಕೈ ನೋಡ್ತೀನಿ.

ಪ್ರಶ್ನೆ: ಕುಡುಗೋಲು ಸುತ್ತಿಗೆ ಕ್ರಾಂತಿಯ ಗುರುತು ಅಲ್ವಾ? ಶಾಂತಿ ಪೋಸ್ಟರ್‌ನಲ್ಲಿ ಅದಕ್ಕೇನು ಕೆಲಸ? (ನಿವೃತ್ತ ಬ್ಯಾಂಕ್ ಉದ್ಯೋಗಿ)

ಅದು ಆಯುಧ ಅಲ್ಲ ಸಾರ್, ಉಪಕರಣ. ಕುಡುಗೋಲು ರೈತಂದು, ಸುತ್ತಿಗೆ ಕಾರ್ಮಿಕಂದು. 1918ರಲ್ಲಿ ಹೊಸ ಸರ್ಕಾರಕ್ಕೆ ಲಾಂಛನ ಮಾಡುವಾಗ ಒಂದು ಕರಡಿನಲ್ಲಿ ಕುಡುಗೋಲು ಸುತ್ತಿಗೆ ಜೊತೆಗೆ ಕತ್ತಿನೂ ಇತ್ತು, ಲೆನಿನ್ ಅದನ್ನ ತೆಗೆಸಿದ, ಕತ್ತಿ ನಮ್ಮ ಗುರುತಾಗೋದು ಬೇಡ ಅಂತ. ಆಗ ದೇಶದಲ್ಲಿ ಅಂತರ್ಯುದ್ಧ ಶುರುವಾಗಿತ್ತು, ಕತ್ತಿ ಬಂದೂಕು ಎಲ್ಲ ಬಳಕೇಲೇ ಇತ್ತು, ಆದ್ರೂ ಲಾಂಛನದಲ್ಲಿ ಬೇಡ ಅಂದ್ರು. ಸುತ್ತ ಗೋಧಿ ತೆನೆ, ಹಿಂದೆ ಉದಯಿಸೋ ಸೂರ್ಯ. ಶಾಂತಿ ಪೋಸ್ಟರ್‌ಗಳಲ್ಲಿ ಬರೋ ಟ್ರಾಕ್ಟರ್, ಕಟ್ಟಡದ ಕ್ರೇನು, ಅಣೆಕಟ್ಟು, ಗೋಧಿ ಹೊಲ ಎಲ್ಲ ಇದೇ ವಂಶದ್ದು. ಅವರ ಚಿತ್ರಭಾಷೇಲಿ ಶಾಂತಿ ಅಂದ್ರೆ ಮೌನ ಅಲ್ಲ, ವಿಶ್ರಾಂತಿ ಅಲ್ಲ, ಧ್ಯಾನ ಅಂತೂ ಅಲ್ಲವೇ ಅಲ್ಲ, ಶಾಂತಿ ಅಂದ್ರೆ ಕೆಲಸ. ಹೊಲ ಉತ್ತಾ ಇರೋದು, ಇಟ್ಟಿಗೆ ಇಡ್ತಾ ಇರೋದು. ಯುದ್ಧದ ಎದುರು ಅವರು ನಿಲ್ಲಿಸಿದ್ದು ಕೆಲಸದ ದಿನವನ್ನ. ನನಗೆ ಇದು ತುಂಬಾ ಹಿಡಿಸಿದ ವಿಚಾರ, ಇವತ್ತಿಗೂ.

ಪ್ರಶ್ನೆ: ಕೆಂಪು ಅಂದ್ರೆ ರಕ್ತ, ಅಪಾಯ. ಶಾಂತಿ ಅಂತ ಹೇಳೋಕೆ ಕೆಂಪು ಹೇಗೆ ಸರಿಹೋಗುತ್ತೆ? (ಗೃಹಿಣಿ)

ರಷ್ಯನ್ ಭಾಷೇಲಿ ಕೆಂಪಿಗೆ 'ಕ್ರಾಸ್ನಿ' ಅಂತಾರೆ, ಹಳೇ ರಷ್ಯನ್‌ನಲ್ಲಿ ಅದೇ ಪದಕ್ಕೆ ಚೆಂದ ಅಂತ ಅರ್ಥ. ಮನೇಲಿ ದೇವರ ಪಟ ಇಡೋ ಮೂಲೆಗೂ ಅವರು ಕ್ರಾಸ್ನಿ ಮೂಲೆ ಅಂತಲೇ ಕರೀತಿದ್ರು. ಹಾಗಾಗಿ ಅಲ್ಲಿನ ಜನಕ್ಕೆ ಕೆಂಪು ಬರೀ ರಕ್ತದ ಬಣ್ಣ ಅಲ್ಲ. ಅದ್ರ ಮೇಲೆ 1871ರ ಪ್ಯಾರಿಸ್ ಕಮ್ಯೂನ್‌ನ (ಪ್ಯಾರಿಸ್ ಕಾರ್ಮಿಕರು ದಂಗೆ ಎದ್ದು ಮಾಡಿದ ಸರ್ಕಾರ) ಕೆಂಪು ಬಾವುಟದ ನೆನಪು, ಅದು ಸತ್ತವರ ರಕ್ತ ಅನ್ನೋ ಅರ್ಥವೂ ಹೌದು.

ಆದ್ರೆ ನೀವು ಪುಟ ತಿರುಗಿಸಿ ಆ ಚಿತ್ರಗಳನ್ನೇ ಮತ್ತೊಮ್ಮೆ ನೋಡಿ, ಶಾಂತಿ ಪೋಸ್ಟರ್‌ಗಳಲ್ಲಿ ಕೆಂಪು ಕಮ್ಮಿ. ಜಾಗ ಎಲ್ಲ ತಿಳಿನೀಲಿ ಆಕಾಶಕ್ಕೆ, ಬಿಳಿ ಹಕ್ಕಿಗೆ, ಹಳದಿ ಹೊಲಕ್ಕೆ. ಕೆಂಪು ಒಂದು ಮೂಲೇಲಿ, ಬಾವುಟದಲ್ಲೋ, ಶಾಲೆ ಹುಡುಗನ ಕುತ್ತಿಗೆ ಸ್ಕಾರ್ಫ್‌ನಲ್ಲೋ, ಅಕ್ಷರಗಳಲ್ಲೋ ಇರುತ್ತೆ. ಸಹಿ ಹಾಕಿದ ಹಾಗೆ. ಇಷ್ಟು ನೀಲಿ ಆಕಾಶ ಯಾರು ಕೊಟ್ಟಿದ್ದು ಅಂತ ಕೇಳಿದ್ರೆ ಆ ಚೂರು ಕೆಂಪಿನ ಕಡೆ ಬೆರಳು ತೋರಿಸುತ್ತೆ.

ಪ್ರಶ್ನೆ: ಮಕ್ಕಳಿಗೆ ಚಿತ್ರಕಲೆ ಹೇಳಿಕೊಡ್ತೀನಿ. ಈ ಪೋಸ್ಟರ್‌ಗಳಲ್ಲಿ ಕೈಗಳು ದೇಹಕ್ಕಿಂತ ದೊಡ್ಡದಾಗಿ ಕಾಣುತ್ತವೆ, ಶತ್ರು ಮಾತ್ರ ಇಲಿ ಗಾತ್ರ. ತಾಯಿ ಮಗು ಕೂಡ ಪದೇ ಪದೇ ಬರ್ತಾರೆ. ಇದರ ಹಿಂದೆ ನಿಯಮ ಏನಾದ್ರೂ ಇದೆಯಾ? (ಚಿತ್ರಕಲಾ ಶಿಕ್ಷಕರು)

ಮೇಷ್ಟ್ರೇ, ನಿಮ್ಮ ಕಣ್ಣು ಸರಿಯಾಗೇ ಹಿಡಿದಿದೆ. ಗಾತ್ರನೇ ಇಲ್ಲಿ ನೈತಿಕತೆ. ಹಳೇ ರಷ್ಯನ್ ಐಕಾನ್‌ಗಳಲ್ಲಿ, ಅಂದ್ರೆ ಮರದ ಹಲಗೆ ಮೇಲೆ ಬರೆಯೋ ದೇವರ ಚಿತ್ರಗಳಲ್ಲಿ, ಮುಖ್ಯ ಆದವರು ದೊಡ್ಡದಾಗಿ, ಅಲ್ಲದವರು ಚಿಕ್ಕದಾಗಿ ಇರ್ತಾರೆ, ದೂರ ಹತ್ತಿರದ ಲೆಕ್ಕ ಅಲ್ಲಿ ನಡೆಯಲ್ಲ. ಆ ಕಣ್ಣಿನ ಅಭ್ಯಾಸ ಪೋಸ್ಟರ್‌ಗೂ ಬಂತು. ಟೋಪಿ ಹಾಕಿದ ಹೊಟ್ಟೆ ಡುಮ್ಮ, ಡಾಲರ್ ಚಿಹ್ನೆ, ಕಂಕುಳಲ್ಲಿ ಬಾಂಬು, ಅವನು ಕೆಳಗೆ ಮೂಲೇಲಿ. ಅವನ ಮೇಲೆ ಒಂದು ಅಗಾಧ ಕೈ, ಅಂಗೈ ಮುಂದೆ ಮಾಡಿ ಸಾಕು ನಿಲ್ಲು ಅಂತಿರೋದು. ಅಂಗೈ ತೋರಿಸಿದ್ರೆ ತಡೆಯೋದು, ಮುಷ್ಟಿ ಕಟ್ಟಿದ್ರೆ ಹೋರಾಟ, ಕೈ ಮೇಲೆ ಕೈ ಇದ್ರೆ ದೇಶಗಳ ಸ್ನೇಹ. ಮೂರು ಬಣ್ಣದ ಮೂರು ಕೈ ಒಂದೇ ಬಾವುಟದ ಕೋಲು ಹಿಡಿದಿದ್ರೆ ಯುರೋಪ್, ಆಫ್ರಿಕಾ, ಏಷ್ಯಾ. ಮುಖ ಇದ್ದಾಗ ಕೆಳಗಿಂದ ನೋಡಿದ ಕೋನ, ನೋಟ ಚಿತ್ರದ ಚೌಕಟ್ಟಿನ ಹೊರಗೆ ಮೇಲ್ಗಡೆ, ಅಂದ್ರೆ ನಮಗೆ ಕಾಣದ ನಾಳೆ ಅವರಿಗೆ ಕಾಣ್ತಿದೆ ಅಂತ. ಮಕ್ಕಳಿಗೆ ಇದನ್ನ ಬರೆಸಿ ನೋಡಿ, ಕಣ್ಣಿನ ಪಾಪೆ ಒಂಚೂರು ಮೇಲೆ ಸರಿಸಿದ್ರೆ ಸಾಕು, ಭಾವನೆನೇ ಬದಲಾಗುತ್ತೆ.

ತಾಯಿ ಮಗು ವಿಷಯಕ್ಕೆ ಬಂದ್ರೆ, ಅದಕ್ಕೊಂದು ಹಿಂದಿನ ಕಥೆ ಇದೆ. 1942ರಲ್ಲಿ ವಿಕ್ಟರ್ ಕೊರೆಟ್ಸ್ಕಿ ಮಾಡಿದ ಯುದ್ಧದ ಪೋಸ್ಟರ್ ಒಂದಿದೆ. ತಾಯಿ ಮಗೂನ ಎದೆಗೆ ಅವಚ್ಕೊಂಡಿದಾಳೆ, ಒಂದು ಬದಿಯಿಂದ ರಕ್ತ ಮೆತ್ತಿದ ನಾಜಿ ಬಯೋನೆಟ್ ಅವಳ ಕಡೆ ಚಾಚಿದೆ, ಬಂದೂಕು ಹಿಡಿದವನು ಕಾಣಲ್ಲ, ಚೂರಿ ಮಾತ್ರ. 'ಕೆಂಪು ಸೇನೆಯ ಯೋಧನೇ, ಕಾಪಾಡು!' ಅಂತ ಅಕ್ಷರ. ಯುದ್ಧದಲ್ಲಿ ಬದುಕಿ ಉಳಿದ ಪ್ರತಿ ಸೋವಿಯತ್ ಪ್ರಜೆಯ ಕಣ್ಣಲ್ಲಿ ಇಂಥ ಚಿತ್ರ ಇತ್ತು. ಯುದ್ಧದ ನಂತರದ ಶಾಂತಿ ಪೋಸ್ಟರ್‌ನಲ್ಲಿ ಅದೇ ತಾಯಿ, ಅದೇ ಮಗು, ಆದ್ರೆ ಮಗು ಎದೆಯಿಂದ ಮೇಲಕ್ಕೆ ಎತ್ತಿದ ಕೈಗೆ ಬಂದಿದೆ, ಬಯೋನೆಟ್ ಇದ್ದ ಜಾಗದಲ್ಲಿ ಹಕ್ಕಿ. ಹಳೇ ಚಿತ್ರ ಮನಸ್ಸಲ್ಲಿ ಇರೋರಿಗೆ ಹೊಸ ಚಿತ್ರ ಎರಡು ಪಟ್ಟು ತಾಗುತ್ತೆ.

ಆದ್ರೆ ನನ್ನ ಕೇಳಿದ್ರೆ ಈ ಎಲ್ಲದರಲ್ಲಿ ಅತ್ಯಂತ ಗಟ್ಟಿ ಪೋಸ್ಟರ್‌ನಲ್ಲಿ ಕೈನೂ ಇಲ್ಲ, ತಾಯಿನೂ ಇಲ್ಲ, ಹಕ್ಕಿನೂ ಇಲ್ಲ. ಪೋಲೆಂಡಿನ ತಡೇವುಷ್ ಟ್ರೆಪ್ಕೋವ್ಸ್ಕಿ 1952ರಲ್ಲಿ ಮಾಡಿದ್ದು. ಆಕಾಶದಿಂದ ಬೀಳ್ತಿರೋ ಬಾಂಬಿನ ಆಕಾರ, ಆ ಆಕಾರದ ಒಳಗೆ ಮುರಿದು ನಿಂತಿರೋ ಮನೆಯ ಗೋಡೆ, ಖಾಲಿ ಕಿಟಕಿ. ಕೆಳಗೆ ಒಂದೇ ಪದ, 'ನ್ಯೆ!', ಬೇಡ. ಅಷ್ಟೇ. ಬಾಂಬು ಇನ್ನೂ ಬಿದ್ದಿಲ್ಲ, ಆದ್ರೆ ಬಿದ್ದ ಮೇಲೆ ಆಗೋದು ಅದರ ಹೊಟ್ಟೆ ಒಳಗೇ ಇದೆ. ಕಾರಣ ಮತ್ತು ಪರಿಣಾಮ ಎರಡನ್ನೂ ಒಂದೇ ಗೆರೆಯಲ್ಲಿ ಹೇಳಿದಾನೆ. 1944ರ ದಂಗೆ ನಂತರ ಜರ್ಮನರು ವಾರ್ಸಾ ನಗರದ ಬಹುಪಾಲನ್ನ ಬೀದಿ ಬೀದಿ ಲೆಕ್ಕದಲ್ಲಿ ನೆಲಸಮ ಮಾಡಿದ್ರು, ಆ ಖಾಲಿ ಕಿಟಕಿ ಆ ಜನಕ್ಕೆ ಸಂಕೇತ ಅಲ್ಲ, ದಿನಾ ನೋಡ್ತಿದ್ದ ಮನೆ. ಶತ್ರು ಯಾರು ಅಂತ ಅವನು ಬರೀಲೇ ಇಲ್ಲ, ಯಾವ ಪಕ್ಷದ ಬಾವುಟನೂ ಇಲ್ಲ. ಮಕ್ಕಳಿಗೆ ಒಂದೇ ಪೋಸ್ಟರ್ ತೋರಿಸೋದಾದ್ರೆ ಇದನ್ನ ತೋರಿಸಿ ಮೇಷ್ಟ್ರೇ.

ಪ್ರಶ್ನೆ: ಎರಡು ಪೋಸ್ಟರ್ ಮೇಲೆ 'ಮಿರು ಮಿರ್' ಅಂತ ಇದೆ ಅಂತ ಅಡಿಬರಹದಲ್ಲಿ ಬರೆದಿದ್ರಿ. ಒಂದೇ ಪದ ಎರಡು ಸಲ ಯಾಕೆ? (ಪ್ರೌಢಶಾಲೆ ವಿದ್ಯಾರ್ಥಿ)

ರಷ್ಯನ್‌ನಲ್ಲಿ 'ಮಿರ್' ಅಂದ್ರೆ ಶಾಂತಿ, 'ಮಿರ್' ಅಂದ್ರೆ ಜಗತ್ತು ಕೂಡ. 'ಮಿರು' ಅಂದ್ರೆ ಜಗತ್ತಿಗೆ. ಸೇರಿಸಿದ್ರೆ ಜಗತ್ತಿಗೆ ಶಾಂತಿ. ಹಿಂದೆ ಈ ಎರಡನ್ನ ಬೇರೆ ಬೇರೆ 'ಇ' ಅಕ್ಷರ ಹಾಕಿ ಬರೀತಿದ್ರು, ಕ್ರಾಂತಿ ಆದ್ಮೇಲೆ 1918ರ ಹೊತ್ತಿಗೆ ಲಿಪಿ ಸುಧಾರಣೆ ಜಾರಿಗೆ ಬಂದು ಹೆಚ್ಚುವರಿ ಅಕ್ಷರಗಳನ್ನ ತೆಗೆದು ಹಾಕಿದ್ರಿಂದ ಎರಡೂ ಒಂದೇ ಥರ ಕಾಣೋಕೆ ಶುರುವಾಯ್ತು. ಹಳೇ ಹಳ್ಳಿ ಸಮುದಾಯಕ್ಕೂ ಮಿರ್ ಅಂತಲೇ ಹೆಸರಿತ್ತು. ಈ ಭಾಗ್ಯ ಬೇರೆ ಭಾಷೆಗಳಿಗೆ ಇಲ್ಲ, ಅದಕ್ಕೇ ಅನುವಾದದಲ್ಲಿ ಆ ಘೋಷಣೆ ಸಪ್ಪೆ ಆಗುತ್ತೆ. ಪೋಸ್ಟರ್ ಕಲಾವಿದರಿಗೆ ಇದು ಹಬ್ಬ, ಒಂದು 'ಮಿರ್' ಬರೆದು ಪಕ್ಕದಲ್ಲಿ ಭೂಗೋಳ ಇಟ್ರೆ ಎರಡೂ ಅರ್ಥ ಒಟ್ಟಿಗೆ ಬಂತು. 1986ರಲ್ಲಿ ಮೇಲೆ ಕಳಿಸಿದ ಬಾಹ್ಯಾಕಾಶ ನಿಲ್ದಾಣಕ್ಕೂ ಇದೇ ಹೆಸರು.

ಪ್ರಶ್ನೆ: ಐದು ಬಣ್ಣದ ದಳ ಇರೋ ಹೂವು ಯಾವ ದೇಶದ್ದು? (ಹೆಸರು ಬೇಡ ಅಂದಿದಾರೆ)

ದೇಶದ್ದಲ್ಲ, 1957ರ ಮಾಸ್ಕೋ ಯುವಜನೋತ್ಸವದ ಗುರುತು. ಐದು ದಳ ಐದು ಖಂಡ, ನಡುವೆ ಭೂಗೋಳ, 'ಶಾಂತಿ ಮತ್ತು ಸ್ನೇಹಕ್ಕಾಗಿ' ಅಂತ ಬರಹ. 131 ದೇಶಗಳಿಂದ ಸುಮಾರು 34,000 ಯುವಕ ಯುವತಿಯರು ಬಂದಿದ್ರು. ಆ ಉತ್ಸವದಲ್ಲಿ ಹಾರಿಸೋಕೆ ಅಂತ ಮೊದಲೇ ಪಾರಿವಾಳಗಳನ್ನ ಸಾಕಿ ಬೆಳೆಸಿದ್ರು, ಅಂದ್ರೆ ಪೋಸ್ಟರ್‌ನಲ್ಲಿದ್ದ ಹಕ್ಕಿಯನ್ನ ಬೀದಿಗೆ ತಂದ್ರು.

ಪ್ರಶ್ನೆ: ಚೀನಾದ ಪೋಸ್ಟರ್‌ನಲ್ಲಿ ಹುಡುಗ ಹುಡುಗಿ ಪಾರಿವಾಳ ಹಿಡಿದು ನಗ್ತಿದಾರೆ, ತುಂಬಾ ಮುದ್ದಾಗಿದೆ. ಆದ್ರೆ ಆ ವರ್ಷ ಚೀನಾ ಕೊರಿಯಾದಲ್ಲಿ ಯುದ್ಧ ಮಾಡ್ತಿತ್ತಲ್ವಾ? ಕ್ಯೂಬಾದ್ರಲ್ಲಂತೂ ಬಂದೂಕೇ ಇದೆ! (ಪತ್ರಿಕೋದ್ಯಮ ವಿದ್ಯಾರ್ಥಿ)

ಹೌದು, ಅದು 1952ರದ್ದು, 'ನಾವು ಶಾಂತಿಯನ್ನ ಪ್ರೀತಿಸ್ತೀವಿ' ಅಂತ ಅದರ ಮೇಲಿನ ಬರಹ. ಮೂಲತಃ ಬೀಜಿಂಗ್‌ನಲ್ಲಿ ತೆಗೆದ ಫೋಟೋ, ಆಮೇಲೆ ಪೋಸ್ಟರ್ ಆಗಿ ದೇಶ ತುಂಬ ಹೋಯ್ತು, ಕೊರಿಯಾದ ಕಂದಕಗಳಲ್ಲಿದ್ದ ಚೀನೀ ಸೈನಿಕರ ಹತ್ರನೂ ಹೋಯ್ತು. ಇಲ್ಲಿ ಎರಡೂ ಒಟ್ಟಿಗೆ ಇತ್ತು ನೋಡಿ, ಸೈನಿಕನ ಕೈಲಿ ಬಂದೂಕು, ಜೇಬಲ್ಲಿ ಪಾರಿವಾಳ ಹಿಡಿದ ಮಕ್ಕಳು. ಈ ಮಕ್ಕಳಿಗಾಗಿ ನೀನು ಹೋರಾಡ್ತಿದೀಯ ಅಂತ ಅವನಿಗೆ ಹೇಳೋ ಚಿತ್ರ ಅದು. ಆ ದೇಶಕ್ಕೆ ಶಾಂತಿ ಸಂಕೇತವಾಗಿ ಪಾರಿವಾಳ ಹಬ್ಬಿದ್ದೇ ಪಿಕಾಸೊ ಪೋಸ್ಟರ್‌ಗಳ ಹಿಂದೆ. ಮುದುಕ ಚಿತ್ರಕಾರ ಚಿ ಬೈಷಿ, ಜೀವನಪೂರ್ತಿ ಸೀಗಡಿ, ಏಡಿ, ಹೂವು, ಕೀಟ ಬರೆದೋನು, ಕೊನೇ ವರ್ಷಗಳಲ್ಲಿ ಪಾರಿವಾಳ ಬರೆದ, ತೊಂಬತ್ತು ದಾಟಿದ್ಮೇಲೆ ವಿಶ್ವ ಶಾಂತಿ ಮಂಡಳಿ ಬಹುಮಾನವೂ ಬಂತು. ಅವನ ಪಾರಿವಾಳಗಳು ಮಾತ್ರ ಘೋಷಣೆ ಥರ ಕಾಣಲ್ಲ, ಅಂಗಳದಲ್ಲಿ ಕಾಳು ಹೆಕ್ಕೋ ಹಕ್ಕಿ ಥರನೇ ಇವೆ.

ಕ್ಯೂಬಾದ ವಾದ ಇನ್ನೂ ನೇರ. 1966ರಲ್ಲಿ ಹವಾನಾದಲ್ಲಿ ಏಷ್ಯಾ ಆಫ್ರಿಕಾ ಲ್ಯಾಟಿನ್ ಅಮೆರಿಕ ಸೇರಿಸಿ ಓಸ್ಪಾಲ್ ಅಂತ ಸಂಘಟನೆ ಶುರುವಾಯ್ತು, ಅವರ 'ಟ್ರೈಕಾಂಟಿನೆಂಟಲ್' ಪತ್ರಿಕೆ ಒಳಗೆ ಪೋಸ್ಟರ್ ಮಡಚಿ ಇಟ್ಟು ದೇಶ ದೇಶಕ್ಕೆ ಕಳಿಸ್ತಿದ್ರು, ನಾಲ್ಕು ಭಾಷೇಲಿ ಬರಹ. ವಿಯೆಟ್ನಾಂ ಮೇಲೆ ಬಾಂಬ್ ಬೀಳ್ತಿದ್ದ ಕಾಲ ಅದು. ಹೊಡೆಸಿಕೊಳ್ತಿರೋನಿಗೆ ಕೈ ಕಟ್ಕೊಂಡು ಕೂರು, ಶಾಂತಿ ಕಾಪಾಡು ಅಂತ ಹೇಳೋಕಾಗಲ್ಲ ಅನ್ನೋದು ಅವರ ನಿಲುವು, ಅದಕ್ಕೇ ಬಂದೂಕು. ಒಪ್ಪೋದು ಬಿಡೋದು ಬೇರೆ, ಆದ್ರೆ ಅದನ್ನ ಮುಚ್ಚಿಡ್ಲಿಲ್ಲ ಅವರು, ಬಣ್ಣದಲ್ಲೂ ಮುಚ್ಚಿಡ್ಲಿಲ್ಲ. ಅಲ್ಫ್ರೆಡೊ ರೋಸ್ಟ್‌ಗಾರ್ಡ್ 1967ರಲ್ಲಿ ಪ್ರತಿಭಟನಾ ಹಾಡುಗಾರರ ಸಮ್ಮೇಳನಕ್ಕೆ ಮಾಡಿದ ಪೋಸ್ಟರ್ ಅಂತೂ ಕಣ್ಣಿಂದ ಹೋಗಲ್ಲ, ಒಂದು ಗುಲಾಬಿ, ಅದರ ಮುಳ್ಳಿಂದ ರಕ್ತದ ಹನಿ.

ಪ್ರಶ್ನೆ: ಟೀಶರ್ಟ್ ಮೇಲೆ ಬರೋ ಆ ವೃತ್ತದ ಪೀಸ್ ಚಿಹ್ನೆ ಕಮ್ಯುನಿಸ್ಟರದ್ದಾ? (ಇಬ್ಬರು ಕೇಳಿದಾರೆ)

ಅಲ್ಲ. 1958ರಲ್ಲಿ ಬ್ರಿಟನ್ನಿನ ಜೆರಾಲ್ಡ್ ಹೋಲ್ಟಮ್ ಅಣ್ವಸ್ತ್ರ ವಿರೋಧಿ ಮೆರವಣಿಗೆಗೆ ಮಾಡಿದ್ದು. ಹಡಗಿನವರು ಎರಡು ಬಾವುಟ ಹಿಡಿದು ಅಕ್ಷರ ತೋರಿಸ್ತಾರಲ್ಲ, ಅದರಲ್ಲಿ 'ಎನ್' ಮತ್ತು 'ಡಿ', ನ್ಯೂಕ್ಲಿಯರ್ ಡಿಸಾರ್ಮಮೆಂಟ್ ಅಂತ.

ಪ್ರಶ್ನೆ: ನೇರವಾಗಿ ಕೇಳ್ತೀನಿ. ಒಂದು ಕಡೆ ಪಾರಿವಾಳ, ಇನ್ನೊಂದು ಕಡೆ ಅಣುಬಾಂಬು, ಟ್ಯಾಂಕು. ಇದೆಲ್ಲ ಶುದ್ಧ ಸುಳ್ಳಲ್ವಾ? ಸುಳ್ಳನ್ನ ಕಲೆ ಅಂತ ಯಾಕೆ ಪುಟಗಟ್ಟಲೆ ಹಾಕ್ತೀರಿ? (ಹಳೇ ಓದುಗರು)

ನಿಮ್ಮ ಸಿಟ್ಟು ನ್ಯಾಯವಾದದ್ದು. ಪ್ಯಾರಿಸ್‌ನಲ್ಲಿ ಪಾರಿವಾಳದ ಪೋಸ್ಟರ್ ಅಂಟಿಸಿದ್ದು 1949ರ ಏಪ್ರಿಲ್‌ನಲ್ಲಿ. ಅದೇ ವರ್ಷ ಆಗಸ್ಟ್ 29ಕ್ಕೆ ಸೆಮಿಪಲಾಟಿನ್ಸ್ಕ್‌ನಲ್ಲಿ ಸೋವಿಯತ್ ಒಕ್ಕೂಟ ತನ್ನ ಮೊದಲ ಅಣುಬಾಂಬು ಸಿಡಿಸಿತು, ನಡುವೆ ನಾಲ್ಕೇ ತಿಂಗಳು. 1956ರ ನವೆಂಬರ್‌ನಲ್ಲಿ ಹಂಗೇರಿಯ ದಂಗೆ ಅಡಗಿಸೋಕೆ ಸೋವಿಯತ್ ಟ್ಯಾಂಕುಗಳು ಬುಡಾಪೆಸ್ಟ್ ಬೀದಿಗೆ ಬಂದ್ವು. ಇದನ್ನ ಆಗಲೇ ಚಿತ್ರದಲ್ಲೇ ಹೇಳಿದೋರು ಇದ್ರು, ಫ್ರಾನ್ಸಿನ 'ಪೇ ಎ ಲಿಬರ್ತೆ' ಅನ್ನೋ ಕಮ್ಯುನಿಸ್ಟ್ ವಿರೋಧಿ ಸಂಘಟನೆ 1950ರಲ್ಲಿ ಪಾರಿವಾಳವನ್ನೇ ಟ್ಯಾಂಕ್ ಮಾಡಿ ಪೋಸ್ಟರ್ ಹಾಕಿತು, 'ಢಂ ಅನ್ನೋ ಪಾರಿವಾಳ' ಅಂತ. ಗಟ್ಟಿ ಏಟು ಅದು.

ಆದ್ರೆ ಇನ್ನೊಂದು ಬದಿ ಇದೆ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಒಕ್ಕೂಟ ಕಳಕೊಂಡ ಜೀವ ಎರಡೂವರೆ ಕೋಟಿಗೂ ಮೇಲೆ. 1950ರ ಮಾರ್ಚ್‌ನಲ್ಲಿ ಸ್ಟಾಕ್‌ಹೋಮ್ ಮನವಿ ಅಂತ ಬಂತು, ಅಣ್ವಸ್ತ್ರ ಪೂರ್ತಿ ನಿಷೇಧ ಆಗ್ಬೇಕು, ಮೊದಲು ಹಾಕಿದ ಸರ್ಕಾರ ಯುದ್ಧಾಪರಾಧಿ ಅಂತ. ಮಾಸ್ಕೋಗೆ ಅದು ಅನುಕೂಲದ ಮನವಿ ಆಗಿತ್ತು, ನಿಜ, ಅಮೆರಿಕದ ಹತ್ರ ಬಾಂಬು ಹೆಚ್ಚಿತ್ತು. ಆದ್ರೆ ಗಂಡ, ಮಗ, ಅಣ್ಣ ಎಲ್ಲ ಹೋಗಿದ್ದ ಹೆಂಗಸು ಆ ಕಾಗದದ ಮೇಲೆ ಹಾಕಿದ ಸಹಿಯನ್ನ ನಾನು ಸುಳ್ಳು ಅನ್ನಲಾರೆ. ಪೋಸ್ಟರ್ ಹಾಕಿಸಿದೋರ ಲೆಕ್ಕ ಒಂದು, ನೋಡಿ ನಿಂತೋರ ಆಸೆ ಇನ್ನೊಂದು. ಚಿತ್ರ ಎರಡನ್ನೂ ಹೊತ್ಕೊಂಡಿತ್ತು. ಅದಕ್ಕೇ ಪುಟಗಟ್ಟಲೆ ಹಾಕ್ತೀವಿ.

ಇಂಥ ಚಿತ್ರ ಕೊನೆಗೆ ಯಾರ ಕೈಗೆ ಹೋಯ್ತು ಅನ್ನೋದಕ್ಕೆ ಒಂದು ಕಥೆ ಹೇಳ್ಬೇಕು ನಿಮಗೆ. ಯೆವ್ಗೆನಿ ವುಚೆಟಿಚ್ ಅಂತ ಸೋವಿಯತ್ ಶಿಲ್ಪಿ. 1949ರಲ್ಲಿ ಬರ್ಲಿನ್ನಿನ ಟ್ರೆಪ್ಟೊ ಪಾರ್ಕ್‌ನಲ್ಲಿ ಅವನು ಮಾಡಿದ ಸೈನಿಕ ಒಂದು ತೋಳಲ್ಲಿ ಮಗು ಎತ್ಕೊಂಡು, ಇನ್ನೊಂದು ಕೈಲಿ ಕತ್ತಿ ಕೆಳಗಿಳಿಸಿ ನಿಂತಿದಾನೆ, ಕಾಲ ಕೆಳಗೆ ಮುರಿದ ಸ್ವಸ್ತಿಕ. 1967ರಲ್ಲಿ ವೋಲ್ಗೊಗ್ರಾಡ್‌ನಲ್ಲಿ ಅವನು ಮಾಡಿದ 'ತಾಯ್ನಾಡು' ಅನ್ನೋ ಹೆಣ್ಣಿನ ವಿಗ್ರಹ ಕತ್ತಿಯನ್ನ ಆಕಾಶಕ್ಕೆ ಎತ್ತಿದೆ. ಇವೆರಡರ ನಡುವೆ 1957ರಲ್ಲಿ ಮೂರನೇದು, ಕತ್ತಿಯನ್ನ ಬಡಿದು ನೇಗಿಲ ಗುಳ ಮಾಡ್ತಿರೋ ಗಂಡಸು. ಬೈಬಲ್‌ನ ಯೆಶಾಯನ ಮಾತದು, ಕತ್ತಿಗಳು ಗುಳ ಆಗ್ತವೆ, ಭರ್ಜಿಗಳು ಕುಡುಗೋಲು ಆಗ್ತವೆ ಅನ್ನೋದು. ದೇವರನ್ನ ನಂಬದ ಸರ್ಕಾರ 1959ರಲ್ಲಿ ಅದರ ಪ್ರತಿಯನ್ನ ನ್ಯೂಯಾರ್ಕ್‌ನ ವಿಶ್ವಸಂಸ್ಥೆಗೆ ಉಡುಗೊರೆ ಕೊಟ್ಟಿತು, ಇವತ್ತಿಗೂ ಅಲ್ಲಿ ತೋಟದಲ್ಲಿದೆ.

ಪೂರ್ವ ಜರ್ಮನಿ ತನ್ನನ್ನ ಶಾಂತಿಯ ದೇಶ ಅಂತ ಕರ್ಕೊಳ್ತಿತ್ತು, ಗೋಡೆ ತುಂಬ ಪಾರಿವಾಳ. 1978ರಲ್ಲಿ ಅದೇ ದೇಶ 9 ಮತ್ತು 10ನೇ ಕ್ಲಾಸ್ ಮಕ್ಕಳಿಗೆ ಮಿಲಿಟರಿ ಪಾಠ ಕಡ್ಡಾಯ ಮಾಡಿತು. 1980ರಲ್ಲಿ ಚರ್ಚ್‌ಗಳ ಯುವಕರು ಹತ್ತು ದಿನದ ಶಾಂತಿ ಪ್ರಾರ್ಥನೆ ಇಟ್ಕೊಂಡ್ರು, ಅದಕ್ಕೆ ಗುರುತಾಗಿ ಆರಿಸಿದ್ದು ಬೇರೆ ಯಾವುದನ್ನೂ ಅಲ್ಲ, ವುಚೆಟಿಚ್‌ನ ಅದೇ ಸೋವಿಯತ್ ವಿಗ್ರಹ, ಸುತ್ತ 'ಕತ್ತಿಗಳು ಗುಳಗಳಾಗಲಿ' ಅನ್ನೋ ಬರಹ. ಕಾಗದದ ಮೇಲೆ ಅಚ್ಚು ಹಾಕೋಕೆ ಸರ್ಕಾರದ ಪರವಾನಗಿ ಬೇಕಿತ್ತು, ಬಟ್ಟೆ ಮೇಲೆ ಹಾಕೋಕೆ ಬೇಡವಾಗಿತ್ತು, ಅದಕ್ಕೇ ಬಟ್ಟೆ ಮೇಲೆ ಅಚ್ಚು ಹಾಕಿದ್ರು. ಹುಡುಗರು ಹುಡುಗಿಯರು ಅದನ್ನ ಕತ್ತರಿಸಿ ಜಾಕೆಟ್ ತೋಳಿಗೆ ಹೊಲ್ಕೊಂಡ್ರು. ಮಾಸ್ಕೋ ತಾನೇ ಜಗತ್ತಿಗೆ ಕೊಟ್ಟ ಉಡುಗೊರೆಯ ಚಿತ್ರ ಅದು, ತಪ್ಪು ಅಂತ ಹೇಳೋದಾದ್ರೂ ಹೇಗೆ. ಆದ್ರೂ ನಿಷೇಧ ಬಂತು. ಶಾಲೆಗಳಲ್ಲಿ, ಬೀದೀಲಿ ಪೊಲೀಸರು ನಿಲ್ಲಿಸಿ ಅದನ್ನ ಕಿತ್ತು ಹಾಕಿಸ್ತಿದ್ರು, ತೆಗೀದೇ ಇದ್ದೋರನ್ನ ಶಾಲೆಯಿಂದ ಹೊರಗೆ ಹಾಕಿದ್ದೂ ಇದೆ. ಕೆಲವರು ಪೂರ್ತಿ ಗುಂಡಗೆ ಕತ್ತರಿಸಿ ತೆಗೆದು ತೂತು ಬಿದ್ದ ಜಾಕೆಟ್ಟನ್ನೇ ಹಾಕ್ಕೊಂಡು ಓಡಾಡಿದ್ರು. ತೋಳಿನ ಮೇಲೆ ಒಂದು ದುಂಡನೆ ತೂತು, ಅಷ್ಟೇ, ಎದುರಿಗೆ ಬಂದ ಎಲ್ಲರಿಗೂ ಅಲ್ಲಿ ಏನಿತ್ತು ಅಂತ ಗೊತ್ತು. ಇನ್ನು ಕೆಲವರು ಆ ಜಾಗದಲ್ಲಿ 'ಇಲ್ಲೊಬ್ಬ ಕಮ್ಮಾರ ಇದ್ದ' ಅಂತ ಬರ್ಕೊಂಡ್ರು.

1983ರ ಸೆಪ್ಟೆಂಬರ್ 24ರ ರಾತ್ರಿ ಪೂರ್ವ ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ, ಪ್ರಾಟೆಸ್ಟಂಟ್ ಪಂಥ ಶುರು ಮಾಡಿದ ಮಾರ್ಟಿನ್ ಲೂಥರ್ ಇದ್ದ ಮನೆಯ ಅಂಗಳದಲ್ಲಿ, ಪಾದ್ರಿ ಫ್ರೀಡ್ರಿಖ್ ಶೋರ್ಲೆಮರ್ ಕರೆದ ಸಭೆಯಲ್ಲಿ ಕುಲುಮೆ ಹೂಡಿದ್ರು, ಒಬ್ಬ ಕಮ್ಮಾರ ನಿಜವಾದ ಕತ್ತಿ ತಂದು ಕೆಂಡದಲ್ಲಿ ಕಾಯಿಸಿ, ಸುತ್ತಿಗೆಯಿಂದ ಬಡಿದು ಬಡಿದು, ಜನ ನೋಡ್ತಾ ನಿಂತಿದ್ದ ಹಾಗೇ ಅದನ್ನ ನೇಗಿಲ ಗುಳ ಮಾಡಿದ.